ಸೋಮಾರಿ ಬೇಸಿಗೆ ಮಧ್ಯಾಹ್ನಕ್ಕೆ ನೀವು ಏನು ಕೇಳುತ್ತೀರಿ? ನನ್ನದು ಇಲ್ಲಿದೆ

ಜಲವರ್ಣ:

ನಾನು ಚಿತ್ರ ಬರೆಯುವವಳು. ಜಾಸ್ತಿ ಜಲವರ್ಣ. ಬೇಸಿಗೆಯಲ್ಲಿ ಊಟ ಆದಮೇಲೆ ಏನು ಮಾಡಲೂ ಮನಸ್ಸು ಬರದ ಒಂದು ಹೊತ್ತು ಇರುತ್ತದಲ್ವಾ, ನಾನು ಸಂಗೀತ ಕೇಳುವುದು ಆ ಹೊತ್ತಿನಲ್ಲೇ. ಇಷ್ಟು ವರ್ಷ ಸುಮ್ನೆ ಕೇಳಿಕೊಂಡು ಬಂದದ್ದನ್ನು ಒಂದು ಸಲ ಬರೆದಿಡೋಣ ಅನ್ನಿಸಿತು. ನಿಮ್ಮದೂ ಹೇಳಿ.

ಆಪ್‌ನಲ್ಲಿ ಬೇಸಿಗೆ ಅಂತ ಹುಡುಕಿದರೆ ಎರಡೇ ಥರ ಸಿಗುತ್ತದೆ. ಒಂದು ಕುಣಿಸುವ ಹಾಡು. ಇನ್ನೊಂದು ಮಲಗಿಸುವ ಸಂಗೀತ, ಪಿಯಾನೋ ಹಿಂದೆ ಮಳೆ ಸದ್ದು ಹಾಕಿರುತ್ತಾರೆ. ಎರಡೂ ನನಗೆ ಆಗಿಬರುವುದಿಲ್ಲ. ಹಾಡುವವರಿಗೆ ಅವಸರ ಇರಬಾರದು, ಆದರೆ ಅವರು ಪೂರ್ತಿ ಎಚ್ಚರವಾಗಿರಬೇಕು. ನನಗೆ ಬೇಕಾದದ್ದು ಅಂಥದ್ದು.

ಯಾಕೆ ಅಂತ ಹೇಳುತ್ತೇನೆ. ಜಲವರ್ಣದಲ್ಲಿ ದೊಡ್ಡ ಆಕಾಶವನ್ನು ಒಂದೇ ಬಣ್ಣದಲ್ಲಿ ತುಂಬಬೇಕಾದರೆ ಹಲಗೆಯನ್ನು ಸ್ವಲ್ಪ ಓರೆ ಮಾಡಿ ಇಡುತ್ತೇವೆ. ಎಡದಿಂದ ಬಲಕ್ಕೆ ಒಂದು ಸಲ ಕುಂಚ ಎಳೆದರೆ ಆ ಗೆರೆಯ ಕೆಳಅಂಚಿನಲ್ಲಿ ಬಣ್ಣದ ನೀರು ದಪ್ಪ ದಾರದ ಹಾಗೆ ಬಂದು ನಿಲ್ಲುತ್ತದೆ. ಮುಂದಿನ ಎಳೆತ ಆ ದಾರವನ್ನು ಮುಟ್ಟಿ ಕೆಳಕ್ಕೆ ತರಬೇಕು. ಹೀಗೆ ಒಂದೊಂದಾಗಿ ಕೆಳಗಿನವರೆಗೆ. ದಾರ ಮಧ್ಯದಲ್ಲಿ ಒಣಗಿತೋ, ಅಲ್ಲೊಂದು ಗೆರೆ ಉಳಿಯುತ್ತದೆ, ಮತ್ತೆ ಏನು ಮಾಡಿದರೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಅದು ಎಷ್ಟು ಬೇಗ ಒಣಗುತ್ತದೆ ಅಂದರೆ ಕೈ ತಾನಾಗಿಯೇ ಓಡಲು ಶುರು ಮಾಡುತ್ತದೆ. ಓಡಿದ ಕೈ ಅಲುಗುತ್ತದೆ. ಅಂದರೆ ದಿನ ಸೋಮಾರಿ, ಕೆಲಸ ಅವಸರದ್ದು. ಆಗ ನನ್ನ ಉಸಿರನ್ನು ಹಿಡಿದು ನಿಲ್ಲಿಸುವುದು ಸಂಗೀತ.

ಹನ್ನೆರಡು ದಾಟಿದರೆ ಸಾರಂಗ ರಾಗಗಳು. ಅದರಲ್ಲೂ ಬೃಂದಾವನಿ ಸಾರಂಗ. ಅದರಲ್ಲಿ ಗಾಂಧಾರ ಇಲ್ಲ, ಧೈವತ ಇಲ್ಲ. ನಿಷಾದ ಮಾತ್ರ ಹತ್ತುವಾಗ ಶುದ್ಧ, ಇಳಿಯುವಾಗ ಕೋಮಲ. ಎರಡು ಸ್ವರ ತೆಗೆದದ್ದಕ್ಕೋ ಏನೋ, ಸಾಮಾನು ಕಡಿಮೆ ಇರುವ ಕೋಣೆಯಲ್ಲಿ ಕೂತ ಹಾಗಿರುತ್ತದೆ. ಎರಡು ಗಂಟೆಯ ಮೇಲೆ ಭೀಮ್‌ಪಲಾಸಿ. ಅದು ಮಧ್ಯಮದ ಮೇಲೆ ಬಂದು ಕೂತಾಗ ನಾನೂ ಕುರ್ಚಿಯಲ್ಲಿ ಒಂದಿಷ್ಟು ಕೆಳಗೆ ಜಾರುತ್ತೇನೆ. ಕೊಳಲಿನಲ್ಲಾದರೆ ಪನ್ನಾಲಾಲ್ ಘೋಷ್. ಹಿಂದೂಸ್ತಾನಿಗೆ ಉದ್ದದ, ಮಂದ್ರ ತುಂಬಿದ ಬಿದಿರಿನ ಕೊಳಲನ್ನು ತಂದವರು ಅವರೇ. ಹಳೆಯ ಧ್ವನಿಮುದ್ರಣಗಳಲ್ಲಿ ಸರಸರ ಸದ್ದು ಇದೆ, ಇರಲಿ. ಆ ಸದ್ದಿನ ಹಿಂದಿನಿಂದ ಕೊಳಲು ಬರುವುದೇ ಚೆಂದ.

ಪಶ್ಚಿಮದ್ದರಲ್ಲಿ ದೆಬುಸಿ. 1894ರಲ್ಲಿ ಮೊದಲ ಸಲ ನುಡಿಸಿದ ಅವರ ಒಂದು ಕೃತಿ ಇದೆ, ಸುಮಾರು 10 ನಿಮಿಷದ್ದು. ಅರ್ಧ ಮನುಷ್ಯ ಅರ್ಧ ಮೇಕೆಯಾದ ಒಂದು ಕಾಡುಜೀವಿ, ಬಿಸಿಲಿನ ಮಧ್ಯಾಹ್ನ, ಕಂಡದ್ದು ಕನಸೋ ನಿಜವೋ ಗೊತ್ತಾಗದ ಸ್ಥಿತಿ. ಮಲಾರ್ಮೆಯ ಕವಿತೆಯಿಂದ ಹುಟ್ಟಿದ್ದು. ಕೊಳಲು ಒಂಟಿಯಾಗಿ ಶುರುವಾಗುತ್ತದೆ. ಮೇಲಿಂದ ಕೆಳಕ್ಕೆ ಜಾರಿ ಮತ್ತೆ ಹತ್ತುತ್ತದೆ, ಅದನ್ನೇ ಇನ್ನೊಂದು ಸಲ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಹಾರ್ಪ್ ಬರುತ್ತದೆ, ಆಮೇಲೆ ಇಡೀ ವಾದ್ಯವೃಂದ ಒಂದು ಕ್ಷಣ ಪೂರ್ತಿ ಸುಮ್ಮನಾಗಿಬಿಡುತ್ತದೆ. ಶುರುವಾಗಿ ಒಂದು ನಿಮಿಷವೂ ಆಗಿರುವುದಿಲ್ಲ! ಆ ಮೌನಕ್ಕೋಸ್ಕರವೇ ನಾನು ಅದನ್ನು ಹಾಕುವುದು.

ನಾಲ್ಕರ ಮೇಲೆ, ಬ್ರಷ್ ತೊಳೆಯುವಾಗ, ಬ್ರೆಜಿಲ್‌ನ ಗಾಯಕ ಜೊವಾವ್ ಜಿಲ್ಬೆರ್ತೊ. ಭಾಷೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಕೂತು ನಮಗೊಬ್ಬರಿಗೇ ಹೇಳುತ್ತಿರುವ ಹಾಗೆ ಹಾಡುತ್ತಾರೆ.

ಏನೂ ಬೇಡ ಅನ್ನಿಸಿದ ದಿನ ಬರೀ ತಂಬೂರಿ.

ಹಳೆಕ್ಯಾಸೆಟ್:

ಮೇಡಂ, ಸಾರಂಗ ಅಂದಿದ್ದಕ್ಕೆ ಖುಷಿಯಾಯಿತು. ಶುದ್ಧ ಸಾರಂಗವನ್ನೂ ಸೇರಿಸಿಕೊಳ್ಳಿ. ಅದರಲ್ಲಿ ಎರಡು ಮಧ್ಯಮಗಳಿವೆ. ತೀವ್ರ ಮಧ್ಯಮ ಹೊರಗಿನ ಬಿಸಿಲು, ಶುದ್ಧ ಮಧ್ಯಮ ಒಳಗಿನ ನೆರಳು ಅಂತ ನಾನು ಅಂದುಕೊಂಡಿದ್ದೇನೆ. ಶಾಸ್ತ್ರದಲ್ಲಿ ಹಾಗೇನೂ ಹೇಳಿಲ್ಲ, ನನ್ನ ಕಿವಿಯ ಮಾತು ಅಷ್ಟೇ. ಮೂರೂವರೆಯ ಮೇಲೆ ಮುಲ್ತಾನಿ ಕೇಳಿ. ಬಿಸಿಲು ಇಳಿಯುವ ಮೊದಲು ಒಂದು ಥರ ಬೇಸರ ಬರುತ್ತದಲ್ವಾ, ಅದಕ್ಕೆ ಹೆಸರು ಕೊಟ್ಟ ಹಾಗಿರುತ್ತದೆ.

ಇನ್ನೊಂದು. 1967ರಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಮೂವರೂ ಸೇರಿ ಸಂತೂರ್, ಕೊಳಲು, ಗಿಟಾರ್ ನುಡಿಸಿದ ಆಲ್ಬಂ ಇದೆ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ, ಬೆಳಗಿನಿಂದ ರಾತ್ರಿವರೆಗೆ. ರಾಗಗಳೂ ಹೊತ್ತಿನ ಜೊತೆ ಬದಲಾಗುತ್ತಾ ಹೋಗುತ್ತವೆ. ನಾನು ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಪೂರ್ತಿ ಕೇಳುತ್ತೇನೆ. ಮಧ್ಯದಲ್ಲಿ ಫೋನ್ ಬಂದರೆ ಎತ್ತುವುದಿಲ್ಲ.

ಬೆರಳುತಾಳ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಲಾಪ ಹಾಕಿಕೊಂಡು ಮಧ್ಯಾಹ್ನ ಕೂತರೆ ನನಗೆ ಹತ್ತು ನಿಮಿಷಕ್ಕೆ ನಿದ್ದೆ. ಅದು ಸಂಗೀತದ ತಪ್ಪಲ್ಲ, ನಾನು ಮೃದಂಗ ನುಡಿಸುವವನು, ತಾಳ ಇಲ್ಲದಿದ್ದರೆ ನನ್ನ ಮೈ ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ. ನನಗೆ ಬೇಕಾದದ್ದು ನಿಧಾನದ ತಾಳ. ಅದಕ್ಕೆ ಜಮೈಕಾದ ಸಂಗೀತ ಕೇಳುತ್ತೇನೆ. ಅಲ್ಲಿ ಸ್ಕಾ ಅಂತ ಓಡುವ ಕುಣಿತದ ಸಂಗೀತ ಇತ್ತು. 1966ರ ಸುಮಾರಿಗೆ ಅದು ನಿಧಾನವಾಗಿ ರಾಕ್‌ಸ್ಟೆಡಿ ಆಯಿತು, ಅದರ ಬೆನ್ನಿಗೇ ರೆಗೆ ಬಂತು. ಆ ವರ್ಷದ ಬೇಸಿಗೆಯ ಸೆಕೆಗೆ ಕುಣಿಯುವವರು ಸುಸ್ತಾಗಿ, ತಾಳವೇ ನಿಧಾನವಾಯಿತು ಅಂತ ಒಂದು ಕಥೆ ಹೇಳುತ್ತಾರೆ. ಬೇರೆ ಕಾರಣಗಳೂ ಇರುತ್ತವೆ, ಆದರೆ ಕಥೆ ನನಗೆ ಇಷ್ಟ, ಯಾಕೆಂದರೆ ಆ ತಾಳದಲ್ಲಿ ಸೆಕೆ ನಿಜಕ್ಕೂ ಕೇಳಿಸುತ್ತದೆ. ಬೇಸ್ ಗಿಟಾರ್ ಎರಡು ಸ್ವರ ನುಡಿಸಿ ನಿಲ್ಲುತ್ತದೆ. ಆ ನಿಂತ ಜಾಗದಲ್ಲಿ ಬೆವರು ಒರೆಸಿಕೊಳ್ಳಬಹುದು.

ಬೇಸಿಗೆ ನಮ್ಮ ವಾದ್ಯಕ್ಕೂ ಕಷ್ಟದ ಕಾಲ. ಒಣ ಸೆಕೆಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ. ಒಂದು ಮಳೆ ಬಂದು ಗಾಳಿ ತೇವವಾದರೆ ಅದೇ ಚರ್ಮ ಸಡಿಲ. ಸುತ್ತಿಗೆ ಕೈಯಲ್ಲೇ ಇಟ್ಟುಕೊಂಡಿರಬೇಕು.

ಕೊಳಲು ಕಲಿಯುವವನು:

ಅಣ್ಣಾ, ನಿಮ್ಮ ಚರ್ಮದ ಮಾತು ಕೇಳಿ ನನ್ನದೂ ಹೇಳಬೇಕು ಅನ್ನಿಸಿತು. ಕೊಳಲಿಗೂ ಹಾಗೇ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 35 ಡಿಗ್ರಿಯಲ್ಲಿ ಸುಮಾರು 352. ಕೊಳಲಿನ ಉದ್ದ ಬದಲಾಗುವುದಿಲ್ಲ, ಹಾಗಾಗಿ ಶ್ರುತಿ ಏರುತ್ತದೆ. ಲೆಕ್ಕ ಹಾಕಿದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಅರ್ಧಕ್ಕೆ ಹತ್ತಿರ. ನುಡಿಸುವಾಗ ನಮ್ಮ ಉಸಿರೇ ಬಿಸಿ ಇರುವುದರಿಂದ ಅಷ್ಟು ವ್ಯತ್ಯಾಸ ಬರುವುದಿಲ್ಲ. ಆದರೂ ಮಧ್ಯಾಹ್ನ ಅಭ್ಯಾಸಕ್ಕೆ ಕೂತರೆ ಶ್ರುತಿ ಪೆಟ್ಟಿಗೆಗಿಂತ ನಾನು ಒಂದು ಕೂದಲೆಳೆ ಮೇಲೇ ಇರುತ್ತೇನೆ. ತಂತಿ ವಾದ್ಯದವರಿಗೆ ಇದರ ಉಲ್ಟಾ. ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಬೇಸಿಗೆಯಲ್ಲಿ ಕೊಳಲು, ಪಿಟೀಲು ಒಟ್ಟಿಗೆ ಕೂತರೆ ಮೊದಲ ಕಾಲು ಗಂಟೆ ಶ್ರುತಿ ಸೇರಿಸುವುದಕ್ಕೇ ಹೋಗುತ್ತದೆ!

ಅಕ್ಕಾ, ಒಂದು ಪ್ರಶ್ನೆ. ಚಿತ್ರ ಬರೆಯುತ್ತಾ ಕೇಳಿದರೆ ಅದು ಕೇಳಿದ ಹಾಗೆ ಆಗುತ್ತದಾ? ನಮ್ಮ ಗುರುಗಳು ಬೇರೆ ಕೆಲಸ ಮಾಡುತ್ತಾ ರಾಗ ಕೇಳಬೇಡ ಅನ್ನುತ್ತಾರೆ. ನಿಮ್ಮನ್ನು ತಪ್ಪು ಅನ್ನುವುದಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಹಳೆಕ್ಯಾಸೆಟ್:

ಗುರುಗಳು ಹೇಳಿದ್ದು ಸರಿ ತಮ್ಮಾ. ಒಬ್ಬರು ಜೀವಮಾನವಿಡೀ ತೇಯ್ದು ಒಂದು ಗಾಂಧಾರ ಹಚ್ಚುತ್ತಾರೆ. ನಾವು ಆ ಹೊತ್ತಿಗೆ ಬಟ್ಟೆ ಮಡಚುತ್ತಿದ್ದರೆ ಹೇಗೆ?

ಜಲವರ್ಣ:

ಈ ಪ್ರಶ್ನೆ ನನ್ನನ್ನೂ ತುಂಬಾ ದಿನ ಕಾಡಿದೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಹೊಸದಾಗಿ ಕೇಳುವ ಸಂಗೀತವನ್ನು ನಾನು ಕೆಲಸದ ಜೊತೆ ಹಾಕುವುದಿಲ್ಲ. ಮೊದಲ ಸಲ, ಎರಡನೆಯ ಸಲ ಕೈ ಕಟ್ಟಿ ಕೂತೇ ಕೇಳುತ್ತೇನೆ. ಹತ್ತು ಸಲ ಕೇಳಿ, ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಅದು ನನ್ನ ಕೆಲಸದ ಕೋಣೆಗೆ ಬರುತ್ತದೆ. ಆಗ ಕೇಳುವುದು ಬೇರೆ ಥರ. ಕಿವಿಗಿಂತ ಜಾಸ್ತಿ ಭುಜದಿಂದ ಕೇಳುತ್ತೇನೆ ಅನ್ನಬಹುದು. ಹಾಡುವವರು ಷಡ್ಜಕ್ಕೆ ಬರುವುದನ್ನು ತಡ ಮಾಡುತ್ತಾರೆ, ಇನ್ನೂ ತಡ ಮಾಡುತ್ತಾರೆ, ನನ್ನ ಕುಂಚವೂ ಆ ಎಳೆತವನ್ನು ಅಲ್ಲಿವರೆಗೆ ಹಿಡಿದುಕೊಂಡು ಹೋಗುತ್ತದೆ. ಹೀಗೆ ಕೇಳಿದ ಭೀಮ್‌ಪಲಾಸಿಗಳು ಸುಮ್ಮನೆ ಕೂತು ಕೇಳಿದವುಗಳಿಗಿಂತ ನನಗೆ ಹೆಚ್ಚು ನೆನಪಿವೆ. ಯಾವ ಚಿತ್ರದ ಯಾವ ಮೂಲೆಯಲ್ಲಿ ಯಾವ ತಾನ ಬಂತು ಅಂತ ಇವತ್ತೂ ಹೇಳಬಲ್ಲೆ.

ಚಿತ್ರಕಾರರಿಗೆ ಇದು ಹೊಸದೂ ಅಲ್ಲ. ಪಾಲ್ ಕ್ಲೇ ಚೆನ್ನಾಗಿ ಪಿಟೀಲು ನುಡಿಸುತ್ತಿದ್ದರು. ಕಾಂಡಿನ್ಸ್ಕಿ 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್ ಸಂಗೀತ ಕೇಳಿ ಬಂದು ಆ ಕಛೇರಿಯನ್ನೇ ಚಿತ್ರ ಮಾಡಿದರು. ಅರ್ಧಕ್ಕರ್ಧ ಹಳದಿ, ಮೇಲೆ ದೊಡ್ಡ ಕಪ್ಪು ಪಿಯಾನೋ. ಅವರು ಕೇಳಿದ್ದು ಕಛೇರಿಯಲ್ಲಿ ಕೂತೇ, ಒಪ್ಪುತ್ತೇನೆ. ಆದರೆ ಕೇಳಿದ್ದು ಕೈಗೆ ಇಳಿಯಿತಲ್ವಾ.

ಕಿಟಕಿಪಕ್ಕ:

ಇದೇ ವಿಷಯಕ್ಕೆ ಒಂದು ಸೇರಿಸುತ್ತೇನೆ. ಎರಿಕ್ ಸಾಟಿ ಅಂತ ಫ್ರಾನ್ಸಿನ ಸಂಗೀತಗಾರರು, 1917ರಲ್ಲಿ ಪೀಠೋಪಕರಣ ಸಂಗೀತ ಅಂತಲೇ ಹೆಸರಿಟ್ಟು ಒಂದಿಷ್ಟು ಬರೆದರು. ಮೇಜು ಕುರ್ಚಿಯ ಹಾಗೆ ಸಂಗೀತವೂ ಕೋಣೆಯಲ್ಲಿರಲಿ, ಯಾರೂ ಗಮನ ಕೊಡುವುದು ಬೇಡ ಅಂತ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಕಾರ್ಯಕ್ರಮದ ಬಿಡುವಿನಲ್ಲಿ ಅಂಥದ್ದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳಲು ಕೂತುಬಿಟ್ಟರಂತೆ. ಸಾಟಿ ಓಡಾಡಿಕೊಂಡು ಮಾತಾಡಿ, ತಿರುಗಾಡಿ, ಕೇಳಬೇಡಿ ಅಂತ ಹೇಳಬೇಕಾಯಿತು.

ನನ್ನ ಬೇಸಿಗೆ ಆಯ್ಕೆ ಬ್ರಯನ್ ಈನೋ. 1975ರಲ್ಲಿ ಅವರಿಗೆ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ಬಂದ ಸ್ನೇಹಿತೆ ಹಾರ್ಪ್ ಸಂಗೀತದ ಒಂದು ಗ್ರಾಮಫೋನ್ ತಟ್ಟೆ ಕೊಟ್ಟು ಹೋದರು. ಕಷ್ಟಪಟ್ಟು ಎದ್ದು ಅದನ್ನು ಹಾಕಿ ಬಂದು ಮಲಗಿದ ಮೇಲೆ ಗೊತ್ತಾಯಿತು, ಧ್ವನಿ ತೀರಾ ಸಣ್ಣ, ಒಂದು ಕಡೆಯ ಸ್ಪೀಕರ್ ಹಾಡುತ್ತಲೇ ಇಲ್ಲ. ಮತ್ತೆ ಏಳುವ ಶಕ್ತಿ ಇರಲಿಲ್ಲ. ಹಾಗೇ ಮಲಗಿ ಕೇಳಿದರು. ಹೊರಗೆ ಮಳೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಸ್ವರ. ಆ ದಿನದಿಂದ ಅವರು ಸಂಗೀತ ಮಾಡುವ ರೀತಿಯೇ ಬದಲಾಯಿತು. 1978ರಲ್ಲಿ ವಿಮಾನ ನಿಲ್ದಾಣಗಳಿಗೆ ಅಂತಲೇ ಒಂದು ಆಲ್ಬಂ ಮಾಡಿದರು.

ನನಗೆ ಅದರಿಂದ ಸಿಕ್ಕಿದ್ದು ಒಂದೇ ಪಾಠ, ವಾಲ್ಯೂಮ್ ಇಳಿಸುವುದು. ಮಧ್ಯಾಹ್ನದ ಸಂಗೀತವನ್ನು ನಾವೆಲ್ಲ ಜಾಸ್ತಿ ಜೋರಾಗಿ ಹಾಕುತ್ತೇವೆ. ಫ್ಯಾನ್ ಸದ್ದಿಗಿಂತ ಒಂದು ಚೂರು ಕೆಳಗೆ ಇಟ್ಟು ನೋಡಿ. ಮೊದಲು ಸಿಟ್ಟು ಬರುತ್ತದೆ. ಐದು ನಿಮಿಷ ಬಿಟ್ಟರೆ ಕಿವಿ ತಾನೇ ಹುಡುಕಿಕೊಂಡು ಹೋಗುತ್ತದೆ.

ದೂರದ ಸದ್ದು:

ಕಿಟಕಿಪಕ್ಕ ಅವರು ಹೇಳಿದ್ದು ನಿಜ, ಮಧ್ಯಾಹ್ನ ಕಡಿಮೆ ಧ್ವನಿ ಸಾಕು. ಯಾಕೆಂದರೆ ಸುತ್ತಲಿನ ಲೋಕವೇ ಆಗ ದೂರ ಸರಿದಿರುತ್ತದೆ. ಬಿಸಿಲಿಗೆ ನೆಲ ಕಾದಾಗ ನೆಲದ ಹತ್ತಿರದ ಗಾಳಿ ಹೆಚ್ಚು ಬಿಸಿ, ಮೇಲಿನದು ಅಷ್ಟಿಲ್ಲ. ಮೇಲೆ ಕೊಳಲಿನವರು ಬರೆದ ಹಾಗೆ ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ. ಹಾಗಾಗಿ ದೂರದಿಂದ ಬರುವ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿಂದ ಹೋಗಿಬಿಡುತ್ತದೆ. ರಾತ್ರಿ ನೆಲ ತಣಿದಾಗ ಅದೇ ಸದ್ದು ಕೆಳಕ್ಕೆ ಬಾಗುತ್ತದೆ. ಹಗಲು ಕೇಳದ ದೂರದ ರೈಲು ರಾತ್ರಿ ಕೇಳುವುದು ಇದರಿಂದಲೂ ಹೌದು. ಮಧ್ಯಾಹ್ನ ಎಲ್ಲರೂ ಒಳಗೆ ಸೇರಿದ್ದಕ್ಕೆ ಮಾತ್ರ ನಿಶ್ಶಬ್ದ ಅಂದುಕೊಂಡಿದ್ದೆ. ಗಾಳಿಯೂ ಕೈ ಜೋಡಿಸಿರುತ್ತದೆ ಅಂತ ಗೊತ್ತಾದ ದಿನ ನಾನು ಬಾಲ್ಕನಿಯಲ್ಲಿ ತುಂಬಾ ಹೊತ್ತು ನಿಂತಿದ್ದೆ.

ನನ್ನ ಆಯ್ಕೆ ಮೈಲ್ಸ್ ಡೇವಿಸ್‌ದು, 1959ರ ಧ್ವನಿಮುದ್ರಣ. ಅಷ್ಟು ದೊಡ್ಡ ಜಾಝ್ ಟ್ರಂಪೆಟ್ ವಾದಕ, ಎಷ್ಟು ಕಡಿಮೆ ಸ್ವರ ಊದುತ್ತಾರೆ ಕೇಳಿ.

ಮನೆಯೊಳಗೆ:

ಎಲ್ಲರೂ ಹಿತವಾಗಿ ಬರೆಯುತ್ತಿದ್ದೀರಿ. ನಾನು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಕೆಲವರಿಗೆ ಬೇಸಿಗೆ ಮಧ್ಯಾಹ್ನ ಹಿತವಾಗಿರುವುದಿಲ್ಲ. ಅಮ್ಮ ಹೋದದ್ದು ಬೇಸಿಗೆಯಲ್ಲಿ. ಅವರನ್ನು ನೋಡಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅವರು ಮಲಗುತ್ತಿದ್ದರು, ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಪರದೆ ಎಳೆದಿರುತ್ತಿತ್ತು. ಈಗಲೂ ಆ ಹೊತ್ತಿಗೆ ಆ ಹಳದಿ ಬೆಳಕು ನೋಡಿದರೆ ಎದೆ ಭಾರವಾಗುತ್ತದೆ. ಖುಷಿಯ ಬೇಸಿಗೆ ಹಾಡು ಆಗ ಕೇಳಲು ಆಗುವುದಿಲ್ಲ.

ನನಗೆ ಆಸರೆಯಾದದ್ದು ಗರ್ಶ್ವಿನ್ 1935ರ ತಮ್ಮ ಒಪೆರಾಕ್ಕೆ ಮಾಡಿದ ಬೇಸಿಗೆಯ ಹಾಡು. ಎಲ್ಲರೂ ಅದನ್ನು ಬೇಸಿಗೆಯ ಹಾಡು ಅನ್ನುತ್ತಾರೆ, ಆದರೆ ಅದು ಜೋಗುಳ. ಮಾತು ಎಲ್ಲ ಚೆನ್ನಾಗಿದೆ ಅನ್ನುತ್ತದೆ, ಸ್ವರ ಹಾಗೆ ಅನ್ನುವುದಿಲ್ಲ, ಅದು ಮೈನರ್‌ನಲ್ಲಿದೆ, ಅಂದರೆ ದುಃಖದ ಛಾಯೆಯ ಸ್ವರಸಾಲಿನಲ್ಲಿ. ಮಗುವಿಗೆ ಏನೂ ಆಗಲ್ಲ ಅಂತ ಹೇಳುವವಳಿಗೇ ಭಯ ಇರುತ್ತದಲ್ಲ, ಆ ಭಯ ಅದರಲ್ಲಿದೆ. ಕೊನೆಯ ದಿನಗಳಲ್ಲಿ ಅಮ್ಮನಿಗೆ ನಾನು ಮಾತಾಡುತ್ತಿದ್ದದ್ದೂ ಹಾಗೆಯೇ.

ವಿವಾಲ್ಡಿಯ ಬೇಸಿಗೆಯನ್ನೂ ಕೇಳುತ್ತೇನೆ. 1725ರಲ್ಲಿ ಅಚ್ಚಾದದ್ದು. ಅದರ ಜೊತೆಗಿರುವ ಪದ್ಯದಲ್ಲಿ ಬಿಸಿಲಿಗೆ ಬಸವಳಿದ ಮನುಷ್ಯ, ನೊಣ, ಕೊನೆಗೆ ಆಲಿಕಲ್ಲು ಬಿದ್ದು ಹಾಳಾಗುವ ಪೈರು. ಜನ ಕೊನೆಯ ಬಿರುಗಾಳಿಯನ್ನೇ ಕೇಳುತ್ತಾರೆ. ನನಗೆ ಮೊದಲಿನ ಆ ಸುಸ್ತಾದ ಸ್ವರಗಳು ಬೇಕು. ಬೇಸಿಗೆ ಭಾರವೂ ಹೌದು ಅಂತ ಯಾರೋ ಒಪ್ಪಿಕೊಂಡ ಹಾಗೆ.

ಹಳೆಕ್ಯಾಸೆಟ್:

ಬರೆದದ್ದು ಒಳ್ಳೆಯದಾಯಿತಮ್ಮಾ. ಮುಲ್ತಾನಿ ಬಗ್ಗೆ ನಾನು ಸುಲಭವಾಗಿ ಬೇಸರ ಅಂದುಬಿಟ್ಟೆ. ನಿಮಗೆ ಆಗುತ್ತದೆ ಅನ್ನಿಸಿದ ದಿನ ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ. ಆ ಗಡುಸು ದನಿ ಸಮಾಧಾನದ ಮಾತು ಹೇಳುವುದಿಲ್ಲ, ಪಕ್ಕದಲ್ಲಿ ಕೂತಿರುತ್ತದೆ.

ಬೆರಳುತಾಳ:

ನಾನು ಇವತ್ತು ತಾಳ ಇಲ್ಲದೆ ಅರ್ಧ ಗಂಟೆ ಕೂತೆ. ಭೀಮ್‌ಪಲಾಸಿ ಆಲಾಪ, ಫ್ಯಾನ್‌ಗಿಂತ ಸಣ್ಣ ದನಿಯಲ್ಲಿ. ಇಪ್ಪತ್ತು ನಿಮಿಷಕ್ಕೆ ನಿದ್ದೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಹತ್ತು ಇತ್ತಲ್ಲ. ಆಲಾಪದಲ್ಲೂ ಉಸಿರು ತೆಗೆದುಕೊಳ್ಳುವ ಒಂದು ಅಳತೆ ಇದೆ, ಎಣಿಸಲು ಬರುವುದಿಲ್ಲ ಅಷ್ಟೇ. ನಾಳೆ ಮತ್ತೆ ಕೂರುತ್ತೇನೆ.

ಜಲವರ್ಣ:

ಎಲ್ಲವನ್ನೂ ಓದಿದೆ. ‘ಮನೆಯೊಳಗೆ’ ಅವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೀವು ಹೇಳಿದ ಹಳದಿ ಬೆಳಕು ನನಗೂ ಗೊತ್ತು. ಅದನ್ನು ಬಣ್ಣದಲ್ಲಿ ಹಿಡಿಯಲು ಎಷ್ಟೋ ಸಲ ಸೋತಿದ್ದೇನೆ. ಬರೀ ಹಳದಿ ಹಾಕಿದರೆ ಬರುವುದಿಲ್ಲ, ಅಡಿಯಲ್ಲಿ ತೀರಾ ತೆಳುವಾಗಿ ನೇರಳೆ ಇರಬೇಕು.

ನಿನ್ನೆ ನಡೆದದ್ದು ಹೇಳುತ್ತೇನೆ. ದೊಡ್ಡ ಹಾಳೆ, ದೊಡ್ಡ ಆಕಾಶ. ಒಣಗುವುದು ತಡವಾಗಲಿ ಅಂತ ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿಕೊಂಡಿದ್ದೆ. ತಂಬೂರಿ ಹಾಕಿ, ಕಿಟಕಿಪಕ್ಕ ಅವರು ಹೇಳಿದಷ್ಟು ಇಳಿಸಿಟ್ಟೆ. ಫ್ಯಾನ್ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ಆದರೆ ಆಕಾಶ ತುಂಬುವಾಗ ಫ್ಯಾನ್ ಹಾಕುವ ಹಾಗಿಲ್ಲ, ಗಾಳಿಗೆ ಹಾಳೆ ಇನ್ನೂ ಬೇಗ ಒಣಗುತ್ತದೆ. ಎದ್ದು ಆರಿಸಿದೆ. ರೆಕ್ಕೆ ನಿಧಾನವಾಗುತ್ತಾ ಬಂತು, ಅದರ ಅಡಿಯಿಂದ ತಂಬೂರಿ ಒಂದೊಂದೇ ತಂತಿಯಾಗಿ ಮೇಲೆ ಬಂತು. ಮೊದಲು ಪಂಚಮ, ಆಮೇಲೆ ಜೋಡಿ ಷಡ್ಜ, ಕೊನೆಗೆ ಮಂದ್ರ. ಇಷ್ಟು ವರ್ಷ ನಾನು ಫ್ಯಾನ್ ಆರಿಸಿ ಕೆಲಸ ಮಾಡಿದ್ದೇನೆ, ಜೋರಾಗಿ ಹಾಕಿದ್ದರಿಂದ ಇದು ಒಂದು ದಿನವೂ ಕೇಳಿಸಿರಲಿಲ್ಲ.

ಬೆವರು ಹುಬ್ಬಿನವರೆಗೆ ಇಳಿದಿತ್ತು. ಬಣ್ಣದ ದಾರ ಹಾಳೆಯ ಕೆಳಅಂಚಿಗೆ ತಲುಪುವವರೆಗೂ ಒಡೆಯಲಿಲ್ಲ. ಹಾಳೆ ಇನ್ನೂ ಹಲಗೆಯ ಮೇಲಿದೆ, ಒಣಗಿದ ಮೇಲೆ ಫೋಟೋ ಹಾಕುತ್ತೇನೆ. ಹಳೆಕ್ಯಾಸೆಟ್ ಸರ್, ಶುದ್ಧ ಸಾರಂಗ ಯಾರದ್ದು ಕೇಳಲಿ, ಹೇಳಿ. ನಾಳೆ ಹನ್ನೆರಡಕ್ಕೆ ಕೈ ಕಟ್ಟಿ ಕೂರುತ್ತೇನೆ.